ಡಾಂಬರು ಮುಗಿದ ಮೇಲೆ: ಕ್ಯಾಂಪಿಂಗ್‌ಗೆ ಹೊರಟ ಹೊಸಬರಿಗೆ ಆಫ್‌ರೋಡ್ ಚಾಲನೆ

ಕೆಸರಿನಲ್ಲೋ ಮರಳಿನಲ್ಲೋ ಚಕ್ರ ನಿಂತಲ್ಲೇ ತಿರುಗತೊಡಗಿದಾಗ ಗಾಡಿ ಇನ್ನೂ ಪೂರ್ತಿ ಸಿಕ್ಕಿಬಿದ್ದಿರುವುದಿಲ್ಲ. ಆಗಲೇ ಕಾಲು ತೆಗೆದರೆ ಬಂದ ಜಾಡಿನಲ್ಲೇ ಹಿಂದಕ್ಕೆ ಬರಬಹುದು. ಆಮೇಲೂ ಆಕ್ಸಿಲರೇಟರ್ ಒತ್ತುತ್ತ ಹೋದರೆ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ, ಆಕ್ಸಲ್ (ಎರಡು ಚಕ್ರಗಳನ್ನು ಜೋಡಿಸುವ ಅಚ್ಚು) ನೆಲಕ್ಕೆ ಕೂರುತ್ತದೆ, ಅರ್ಧ ನಿಮಿಷದ ಹಟಕ್ಕೆ ಗಂಟೆಗಟ್ಟಲೆ ಸಲಿಕೆ ಹಿಡಿಯಬೇಕಾಗುತ್ತದೆ. ಹೊಸಬರು ಮೊದಲು ಕಲಿಯಬೇಕಾದದ್ದು ನಿಲ್ಲಿಸುವುದನ್ನು. ನಿಲ್ಲಿಸಿ, ಇಳಿದು, ಮುಂದಿನ ಐವತ್ತು ಹೆಜ್ಜೆ ನಡೆದು ನೋಡಿ, ಆಮೇಲೆ ಗೇರ್ ಹಾಕಿ.

ಹೊರಡುವ ಮುನ್ನ

ಒಂಟಿ ಗಾಡಿಯಲ್ಲಿ ಹೋಗಬೇಡಿ. ಎರಡನೆಯದು ಜೊತೆಗಿದ್ದರೆ ಎಳೆಯಲು ಆಸರೆ ಇರುತ್ತದೆ, ಯಾರಿಗಾದರೂ ಪೆಟ್ಟಾದರೆ ಹೊರಗೆ ಸಾಗಿಸಲು ದಾರಿ ಇರುತ್ತದೆ. ಹೋಗುವ ದಾರಿ, ತಂಗುವ ಜಾಗ, ಹಿಂದಿರುಗುವ ಹೊತ್ತು, ಎಷ್ಟು ತಡವಾದರೆ ಯಾರಿಗೆ ತಿಳಿಸಬೇಕು ಎಂಬುದನ್ನೆಲ್ಲ ಮನೆಯಲ್ಲಿರುವ ಒಬ್ಬರಿಗೆ ಬರೆದು ಕೊಡಿ. ಆ ದಾರಿಯಲ್ಲಿ ಗಾಡಿ ಓಡಿಸಲು ಅನುಮತಿ ಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಿ. ಫೋನ್ ನೀರಿಗೆ ಬಿದ್ದರೆ ಎಂದು ಕಾಗದದ ನಕ್ಷೆಯೂ ಒಂದಿರಲಿ.

ಫೋರ್ ಲೋದಲ್ಲಿ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರು) ಅಥವಾ ಮರಳಿನಲ್ಲಿ ಗಾಡಿ ಹೆದ್ದಾರಿಗಿಂತ ಒಂದೂವರೆ, ಎರಡು ಪಟ್ಟು ಇಂಧನ ಕುಡಿಯಬಹುದು. ಲೆಕ್ಕ ಹಾಕಿದ್ದರ ಮೇಲೆ ಮೂರನೇ ಒಂದು ಭಾಗ ಹೆಚ್ಚಿಗೆ ಇಟ್ಟುಕೊಳ್ಳಿ. ಕುಡಿಯುವ ನೀರು ತಲೆಗೆ ದಿನಕ್ಕೆ 4ರಿಂದ 5 ಲೀಟರ್, ಜೊತೆಗೆ ಒಂದು ದಿನದ್ದು ಹೆಚ್ಚುವರಿ.

ಸಾಮಾನು ತುಂಬುವ ಕ್ರಮವನ್ನು ಬಹಳ ಜನ ಲಘುವಾಗಿ ನೋಡುತ್ತಾರೆ. ನೀರಿನ ಕ್ಯಾನು, ಉಪಕರಣಗಳ ಪೆಟ್ಟಿಗೆ, ಅಡುಗೆ ಸಾಮಾನು, ಇಂಥ ಭಾರವೆಲ್ಲ ಕೆಳಗೆ, ಹಿಂದಿನ ಆಕ್ಸಲ್‌ಗಿಂತ ಮುಂದೆ ಇರಬೇಕು. ಟೆಂಟು, ಹಾಸಿಗೆಯಂಥ ಹಗುರ ವಸ್ತುಗಳು ಮಾತ್ರ ಮೇಲಕ್ಕೆ. ಛಾವಣಿಯ ಮೇಲೆ ಭಾರ ಏರಿದಷ್ಟೂ ಗಾಡಿಯ ತೂಕದ ಕೇಂದ್ರ ಮೇಲೇರುತ್ತದೆ. ನಿನ್ನೆ ಖಾಲಿ ಗಾಡಿ ಸಲೀಸಾಗಿ ದಾಟಿದ ಓರೆಯಲ್ಲಿ ಇಂದು ಅದೇ ಗಾಡಿ ಮಗುಚಬಹುದು. ಒಳಗಿರುವ ಪ್ರತಿಯೊಂದನ್ನೂ ಕಟ್ಟಿ. ಸಡಿಲವಾಗಿ ಬಿಟ್ಟ ಜಾಕ್ ಒಂದು ಜೋರು ಕುಲುಕಿಗೆ ಹಾರಿ ತಲೆಗೆ ಬಡಿಯುತ್ತದೆ.

ಟೈರಿನ ಗಾಳಿ

ಯಾವ ದುಬಾರಿ ಬಿಡಿಭಾಗವೂ ಕೊಡದಷ್ಟು ಹಿಡಿತವನ್ನು ಗಾಳಿ ಇಳಿಸಿದ ಟೈರು ಕೊಡುತ್ತದೆ. ಗಾಳಿ ಕಡಿಮೆಯಾದಾಗ ಟೈರು ನೆಲ ಮುಟ್ಟುವ ಭಾಗ ಉದ್ದವಾಗುತ್ತದೆ, ಅಗಲದಲ್ಲಿ ಅಷ್ಟಾಗಿ ಬೆಳೆಯುವುದಿಲ್ಲ. ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಚಕ್ರ ಮರಳಿನಲ್ಲಿ ಇಳಿಯುವುದು ತಪ್ಪುತ್ತದೆ, ಕಲ್ಲಿನ ಮೇಲೆ ರಬ್ಬರು ಅದರ ಆಕಾರಕ್ಕೆ ಬಗ್ಗಿ ಕಚ್ಚಿಕೊಳ್ಳುತ್ತದೆ. ಒಳಗೆ ಕೂತವರ ಬೆನ್ನಿಗೂ ಆರಾಮ.

ಡಾಂಬರಿನಲ್ಲಿ 32ರಿಂದ 35 ಪಿಎಸ್‌ಐ (ಟೈರಿನ ಗಾಳಿಯ ಒತ್ತಡದ ಅಳತೆ) ಇರುವ ಮಧ್ಯಮ ಗಾತ್ರದ ಎಸ್‌ಯುವಿಗೆ ಈ ಅಳತೆಗಳಿಂದ ಶುರುಮಾಡಬಹುದು: ಜಲ್ಲಿ, ಮಣ್ಣುರಸ್ತೆಗೆ 26ರಿಂದ 28. ಕಲ್ಲುದಾರಿ, ಕೆಸರಿಗೆ 20ರಿಂದ 24. ಮೆತ್ತನೆ ಮರಳಿಗೆ 15ರಿಂದ 18. ಗಾಡಿ ತುಂಬ ಭಾರವಾಗಿದ್ದರೆ ಎರಡು ಮೂರು ಅಂಕ ಮೇಲಿಟ್ಟುಕೊಳ್ಳಿ. ಸಾಮಾನ್ಯ ರಿಮ್‌ನಲ್ಲಿ 15ಕ್ಕಿಂತ ಕೆಳಗಿಳಿದರೆ ಜೋರಾಗಿ ತಿರುಗಿಸಿದಾಗ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳಬಹುದು. ಗಾಳಿ ಇಳಿಸಿದ ಮೇಲೆ ವೇಗವೂ ಇಳಿಯಬೇಕು: 20ರ ಆಸುಪಾಸಿನಲ್ಲಿ ಗಂಟೆಗೆ 40 ಕಿ.ಮೀ. ದಾಟಬೇಡಿ, 15ರಲ್ಲಿ 20 ಕಿ.ಮೀ. ಸಾಕು. ಟೈರಿನ ಪಕ್ಕ ಹೊರಗೆ ಉಬ್ಬಿರುತ್ತದೆಂಬುದೂ ನೆನಪಿರಲಿ. ಚೂಪು ಕಲ್ಲು ಮೊದಲು ಸೀಳುವುದು ಅಲ್ಲೇ, ಪಕ್ಕ ಸೀಳಿದ ಟೈರಿಗೆ ಪಂಕ್ಚರ್ ಹಾಕಲಾಗದು. ಸ್ಟೆಪ್ನಿ ಪೂರ್ತಿ ಗಾತ್ರದ್ದೇ ಇರಲಿ, ಅದರ ಗಾಳಿಯನ್ನೂ ಮನೆಯಲ್ಲೇ ನೋಡಿ.

ಗಾಳಿ ಇಳಿಸಬೇಕಾದರೆ ತುಂಬಿಸುವ ವ್ಯವಸ್ಥೆಯೂ ಜೊತೆಗಿರಬೇಕು. ದೊಡ್ಡ ಕಂಪ್ರೆಸರನ್ನು ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕಿ, ಎಂಜಿನ್ ಓಡುತ್ತಿರುವಾಗ ಬಳಸಿ. ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸಿದರೆ ಫ್ಯೂಸ್ ಹೋಗುತ್ತದೆ.

ಫೋರ್ ಹೈ, ಫೋರ್ ಲೋ

ಜಾರುವ ಆದರೆ ಸರಾಗವಾಗಿ ಓಡಬಹುದಾದ ದಾರಿಗೆ ಫೋರ್ ಹೈ, ಅಂದರೆ ನಾಲ್ಕೂ ಚಕ್ರಕ್ಕೆ ಬಲ, ಮಾಮೂಲಿ ವೇಗ. ಕಡಿದಾದ ಏರು, ಇಳಿಜಾರು, ಕಲ್ಲು, ನೀರು, ಇವಕ್ಕೆ ಫೋರ್ ಲೋ. ಲೋದಲ್ಲಿ ಚಕ್ರಕ್ಕೆ ಹೋಗುವ ಬಲ ಗಾಡಿಗೆ ತಕ್ಕಂತೆ ಎರಡರಿಂದ ನಾಲ್ಕು ಪಟ್ಟು ಹೆಚ್ಚುತ್ತದೆ, ವೇಗ ಅಷ್ಟೇ ತಗ್ಗುತ್ತದೆ. ಲೋಗೆ ಬದಲಿಸುವಾಗ ಪೂರ್ತಿ ನಿಂತು, ನ್ಯೂಟ್ರಲ್‌ಗೆ ತಂದು ಬದಲಿಸಿ. ಕಷ್ಟದ ಜಾಗ ಬರುವ ಮೊದಲೇ ಹಾಕಿಕೊಳ್ಳಿ, ಅರ್ಧ ಏರಿದ ಮೇಲಲ್ಲ.

ಪಾರ್ಟ್‌ಟೈಮ್ ಫೋರ್‌ವೀಲ್ ಗಾಡಿಯನ್ನು (ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಬಲ ಹಾಕಿಕೊಳ್ಳುವಂಥದ್ದು) ಒಣ ಡಾಂಬರಿನಲ್ಲಿ ಫೋರ್ ಹೈನಲ್ಲಿ ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಶಿಯಲ್ (ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಜೋಡಣೆ) ಇಲ್ಲದಿರುವುದರಿಂದ ಆ ವ್ಯತ್ಯಾಸ ಗೇರುಗಳಲ್ಲಿ ಬಿಗಿತವಾಗಿ ಕೂಡುತ್ತದೆ. ಮಣ್ಣಿನಲ್ಲಿ ಟೈರು ಜಾರಿ ಬಿಗಿತ ಕಳೆಯುತ್ತದೆ, ಡಾಂಬರಿನಲ್ಲಿ ಜಾರುವುದಿಲ್ಲ, ಒಳಗಿನ ಭಾಗಗಳೇ ಮುರಿಯುತ್ತವೆ.

ಫೋರ್‌ವೀಲ್ ಇದ್ದರೂ ಒಂದು ಮುಂದಿನ ಚಕ್ರ, ಅದಕ್ಕೆ ಎದುರುಮೂಲೆಯ ಹಿಂದಿನ ಚಕ್ರ ಗಾಳಿಯಲ್ಲಿ ಎದ್ದರೆ ಗಾಡಿ ನಿಂತುಬಿಡುತ್ತದೆ. ಸಾಮಾನ್ಯ ಡಿಫರೆನ್ಶಿಯಲ್‌ನಲ್ಲಿ ಹಿಡಿತವಿಲ್ಲದ ಚಕ್ರ ಸುಮ್ಮನೆ ತಿರುಗುತ್ತದೆ, ನೆಲದಲ್ಲಿರುವುದಕ್ಕೆ ಬಲ ಸಿಗುವುದಿಲ್ಲ. ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಡಿಫ್ ಲಾಕ್ ಇದ್ದರೆ ಅದನ್ನು ಹಾಕಿ. ಲಾಕ್ ಹಾಕಿದಾಗ ಸ್ಟೇರಿಂಗ್ ಬಿಗಿಯಾಗುತ್ತದೆ, ಜಾಗ ದಾಟಿದ ಕೂಡಲೇ ತೆಗೆಯಿರಿ. ಟ್ರ್ಯಾಕ್ಷನ್ ಕಂಟ್ರೋಲ್ ಇದ್ದರೆ ಆಕ್ಸಿಲರೇಟರನ್ನು ಹದವಾಗಿ ಒತ್ತಿ ಹಿಡಿಯಿರಿ, ತಿರುಗುತ್ತಿರುವ ಚಕ್ರವನ್ನು ಅದು ಬ್ರೇಕ್ ಹಾಕಿ ಹಿಡಿಯಲು ಒಂದೆರಡು ಸೆಕೆಂಡು ಬೇಕು.

ಕಲ್ಲು, ಕೊರಕಲು

ದೊಡ್ಡ ಕಲ್ಲನ್ನು ಎರಡು ಚಕ್ರಗಳ ನಡುವೆ ಬಿಟ್ಟುಕೊಂಡು ದಾಟುವ ಮನಸ್ಸಾಗುತ್ತದೆ. ಹಾಗೆ ಮಾಡಬೇಡಿ. ಗಾಡಿಯಡಿ ಎಲ್ಲಕ್ಕಿಂತ ಕೆಳಗೆ ಇಳಿಬಿದ್ದಿರುವುದು ಹೆಚ್ಚಾಗಿ ಡಿಫರೆನ್ಶಿಯಲ್‌ನ ಉಬ್ಬು, ಇಲ್ಲವೇ ಎಂಜಿನ್ನಿನ ಆಯಿಲ್ ತೊಟ್ಟಿ. ಚಕ್ರವನ್ನೇ ಕಲ್ಲಿನ ಮೇಲೆ ಹತ್ತಿಸಿದರೆ ಅವೆಲ್ಲ ಎತ್ತರಕ್ಕೆ ಹೋಗುತ್ತವೆ. ನಡೆಯುವ ವೇಗ ಸಾಕು. ಕೊರಕಲಿನಲ್ಲಿ ಚಕ್ರ ಇಳಿಸಿ ಹೋಗುವ ಬದಲು ಅದರ ಎರಡೂ ಅಂಚಿನ ಮೇಲೆ ಚಕ್ರ ಇರುವಂತೆ ನೋಡಿಕೊಳ್ಳಿ. ಅಂಚು ಮೆತ್ತಗಿದೆಯೇ ಎಂದು ಮೊದಲು ತುಳಿದು ನೋಡಿ. ದಾರಿಗೆ ಅಡ್ಡ ಬಿದ್ದ ದಿಮ್ಮಿ, ಕಾಲುವೆಗಳನ್ನು ತುಸು ಓರೆಯಾಗಿ, ಒಂದೊಂದೇ ಚಕ್ರ ದಾಟಿಸಿ.

ಹೆಬ್ಬೆರಳು ಸ್ಟೇರಿಂಗ್ ಚಕ್ರದ ಒಳಗಿರಬಾರದು, ಅಂಚಿನ ಮೇಲಿರಲಿ. ಮುಂದಿನ ಚಕ್ರ ಕಲ್ಲಿಗೆ ಬಡಿದಾಗ ಸ್ಟೇರಿಂಗ್ ಗಿರ್ರನೆ ತಿರುಗಿ ಬೆರಳು ಮುರಿಯಬಹುದು.

ದಾರಿ ತೋರಿಸಲು ಇಳಿದವರು ಒಬ್ಬರೇ ಇರಲಿ. ಚಾಲಕ ಆ ಒಬ್ಬರ ಕೈಸನ್ನೆಯನ್ನಷ್ಟೇ ನೋಡಬೇಕು, ಅವರು ಕಣ್ಣಿಗೆ ಬೀಳದಿದ್ದರೆ ನಿಲ್ಲಿಸಬೇಕು. ಸನ್ನೆ ಮಾಡುವವರು ಗಾಡಿಗೂ ಬಂಡೆಗೂ ನಡುವೆ ನಿಲ್ಲಬಾರದು, ಇಳಿಜಾರಿನಲ್ಲಿ ಗಾಡಿಯ ಕೆಳಮಗ್ಗುಲಲ್ಲೂ ನಿಲ್ಲಬಾರದು.

ಏರು, ಇಳಿಜಾರು, ಓರೆ

ದಿಬ್ಬದ ಆಚೆ ಏನಿದೆ ಎಂದು ನಡೆದು ನೋಡಿದ ಮೇಲೆಯೇ ಹತ್ತಿ. ಮುಂದಿನ ಗಾಡಿ ಪೂರ್ತಿ ಮೇಲೆ ಹೋಗುವ ತನಕ ಎರಡನೆಯದು ಕೆಳಗೇ ಕಾಯಬೇಕು. ಫೋರ್ ಲೋ, ಎರಡನೇ ಗೇರ್, ಒಂದೇ ಸಮನಾದ ವೇಗ, ನೇರ ದಾರಿ.

ಅರ್ಧದಲ್ಲಿ ಎಂಜಿನ್ ನಿಂತರೆ ಹೊಸಬರು ಮಾಡುವ ಅಪಾಯಕಾರಿ ಕೆಲಸ ಗಾಡಿಯನ್ನು ಅಲ್ಲೇ ತಿರುಗಿಸಲು ನೋಡುವುದು. ಅಡ್ಡ ನಿಂತ ಗಾಡಿ ಉರುಳುತ್ತದೆ. ಮಾಡಬೇಕಾದದ್ದು ಇಷ್ಟು: ಕಾಲುಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪದೇಪದೇ ಒತ್ತಿಬಿಟ್ಟು ಮಾಡಬೇಡಿ. ಎಂಜಿನ್ ನಿಂತಾಗ ಬ್ರೇಕ್ ಬೂಸ್ಟರ್‌ನಲ್ಲಿ (ಬ್ರೇಕ್ ಒತ್ತಲು ನೆರವಾಗುವ ಭಾಗ) ಉಳಿದಿರುವ ನಿರ್ವಾತ ಒಂದೆರಡು ಸಲಕ್ಕೆ ಖಾಲಿಯಾಗುತ್ತದೆ. ಹ್ಯಾಂಡ್ ಬ್ರೇಕ್ ಎಳೆಯಿರಿ. ಕ್ಲಚ್ ಒತ್ತಿ ರಿವರ್ಸ್ ಹಾಕಿ, ಚಕ್ರ ನೇರವಿದೆಯೇ ನೋಡಿ, ಎಂಜಿನ್ ಶುರುಮಾಡಿ. ಹ್ಯಾಂಡ್ ಬ್ರೇಕ್ ಇಳಿಸಿ, ಕ್ಲಚ್ ಬಿಡುತ್ತಲೇ ಕಾಲುಬ್ರೇಕನ್ನೂ ಸಡಿಲಿಸುತ್ತ ಬಂದ ಜಾಡಿನಲ್ಲೇ ನೇರವಾಗಿ ಹಿಂದಕ್ಕೆ ಇಳಿಯಿರಿ. ಕ್ಲಚ್ ಬಿಟ್ಟ ಮೇಲೆ ಮತ್ತೆ ಅದರ ಮೇಲೆ ಕಾಲಿಡಬೇಡಿ. ಆಟೋಮ್ಯಾಟಿಕ್‌ನಲ್ಲೂ ಹೀಗೆಯೇ, ರಿವರ್ಸ್‌ನಲ್ಲೇ ಇಳಿಯಬೇಕು, ನ್ಯೂಟ್ರಲ್‌ನಲ್ಲಿ ಎಂದಿಗೂ ಅಲ್ಲ. ಸಮತಟ್ಟಾದ ಜಾಗದಲ್ಲಿ ಹತ್ತಾರು ಬಾರಿ ಅಭ್ಯಾಸ ಮಾಡಿಕೊಂಡರೆ ಮಾತ್ರ ಗಾಬರಿಯಲ್ಲಿ ಇದು ಕೈಗೆ ಬರುತ್ತದೆ.

ಇಳಿಯುವಾಗ ಫೋರ್ ಲೋ, ಮೊದಲ ಗೇರ್, ಕ್ಲಚ್‌ನಿಂದ ಕಾಲು ದೂರ. ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕ್ ಮೆಲ್ಲಗೆ ಮುಟ್ಟಿದರೆ ಸಾಕು. ಹಿಂಭಾಗ ಪಕ್ಕಕ್ಕೆ ಜಾರತೊಡಗಿದರೆ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಸ್ವಲ್ಪವೇ ಒತ್ತಿ. ಚಕ್ರಗಳು ಮತ್ತೆ ಉರುಳಿ ಗಾಡಿ ನೇರವಾಗುತ್ತದೆ. ಮನಸ್ಸು ಬ್ರೇಕ್ ಒತ್ತು ಎನ್ನುತ್ತದೆ, ಕೇಳಬೇಡಿ.

ಅಡ್ಡ ಓರೆಯನ್ನು ತಪ್ಪಿಸಲು ಸಾಧ್ಯವಿದ್ದರೆ ತಪ್ಪಿಸಿ. ದಾಟಲೇಬೇಕಾಗಿ ಬಂದು ಗಾಡಿ ವಾಲಿದಂತೆ ಅನ್ನಿಸಿದರೆ ಸ್ಟೇರಿಂಗನ್ನು ಇಳಿಜಾರಿನ ಕಡೆಗೆ ತಿರುಗಿಸಿ. ನಡೆಯುವ ವೇಗದಲ್ಲಿದ್ದರೂ ಸೀಟ್ ಬೆಲ್ಟ್ ಹಾಕಿರಲಿ, ಕೈ ಕಿಟಕಿಯ ಹೊರಗೆ ಇರಬಾರದು.

ನೀರು

ಹರಿಯುವ ನೀರು 30 ಸೆಂ.ಮೀ. ಆಳವಿದ್ದರೇ ಸಣ್ಣ ಕಾರುಗಳನ್ನು ತೇಲಿಸಬಲ್ಲದು, 60 ಸೆಂ.ಮೀ. ಇದ್ದರೆ ಎಸ್‌ಯುವಿಯನ್ನೂ ಕೊಚ್ಚಿಕೊಂಡು ಹೋಗಬಲ್ಲದು. ಗಾಡಿಯ ಪುಸ್ತಕದಲ್ಲಿ ಬರೆದಿರುವ ನೀರಿನ ಆಳದ ಮಿತಿ ನಿಂತ ನೀರಿಗೆ. ಕೋಲು ಹಿಡಿದು, ಬೂಟು ಹಾಕಿಕೊಂಡು ಮೊದಲು ನಡೆದು ದಾಟಿ. ನಡೆದು ದಾಟಲು ಆಗದ ಸೆಳವಿಗೆ ಗಾಡಿ ಇಳಿಸಲೇಬಾರದು. ಮಳೆ ಬರುತ್ತಿದ್ದರೆ ಕಾಯಿರಿ ಅಥವಾ ಹಿಂದಿರುಗಿ.

ಇಳಿಯುವ ಮುನ್ನ ಹತ್ತು ನಿಮಿಷ ಗಾಡಿ ತಣ್ಣಗಾಗಲಿ. ಬಿಸಿ ಆಕ್ಸಲ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಸೀಲುಗಳ ಮೂಲಕ ನೀರು ಎಳೆದುಕೊಳ್ಳುತ್ತದೆ. ಎಂಜಿನ್ನಿನ ಗಾಳಿ ಸೇದುವ ಬಾಯಿ ಎಲ್ಲಿದೆ ಎಂದು ಬಾನೆಟ್ ತೆಗೆದು ನೋಡಿ, ಎಷ್ಟೋ ಗಾಡಿಗಳಲ್ಲಿ ಅದು ಹೆಡ್‌ಲೈಟಿನ ಹಿಂದೆಯೇ ಇರುತ್ತದೆ. ನಿಧಾನವಾಗಿ ಇಳಿದು, ಮುಂದೆ ಒಂದು ಸಣ್ಣ ಅಲೆ ಎದ್ದು ಸಾಗುವಷ್ಟು ಸಮವೇಗದಲ್ಲಿ, ನಡುವೆ ಗೇರ್ ಬದಲಿಸದೆ ಹೋಗಿ.

ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಅದು ಗಾಳಿಯಂತೆ ಒತ್ತಡಕ್ಕೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗಿ ಎಂಜಿನ್ ಹಾಳಾಗುತ್ತದೆ. ಎಳೆಸಿಕೊಂಡು ಹೊರಬನ್ನಿ. ದಾಟಿದ ಮೇಲೆ ಕೆಲವು ಮೀಟರು ಬ್ರೇಕನ್ನು ಮೆಲ್ಲಗೆ ಒತ್ತುತ್ತ ಹೋಗಿ ಒಣಗಿಸಿ. ಆಮೇಲೆ ಡಿಫರೆನ್ಶಿಯಲ್ ಆಯಿಲ್ ನೋಡಿದಾಗ ಹಾಲುಬಣ್ಣವಾಗಿದ್ದರೆ ನೀರು ಸೇರಿದೆ, ಬದಲಿಸಬೇಕು.

ಹೂತುಹೋದರೆ

ಮೊದಲು ಸಲಿಕೆ. ನಾಲ್ಕೂ ಚಕ್ರದ ಮುಂದೆ ಇಳಿಜಾರಾಗುವಂತೆ ಅಗೆದು, ಹೊಟ್ಟೆಯಡಿ ಸಿಕ್ಕಿದ ಮಣ್ಣು ತೆಗೆಯಿರಿ. ಮರಳಾದರೆ ಗಾಳಿಯನ್ನು ಇನ್ನೆರಡು ಅಂಕ ಇಳಿಸಿ, ಆದರೆ 15ಕ್ಕಿಂತ ಕೆಳಗೆ ಬೇಡ. ಟ್ರ್ಯಾಕ್ಷನ್ ಬೋರ್ಡನ್ನು (ಚಕ್ರಕ್ಕೆ ಹಿಡಿತ ಕೊಡುವ ಹಲ್ಲುಗಳಿರುವ ಹಲಗೆ) ಚಕ್ರಕ್ಕೆ ಒತ್ತಿ ಸೇರಿಸಿ ಮೆಲ್ಲಗೆ ಹತ್ತಿಸಿ. ಅದರ ಮೇಲೆ ಚಕ್ರ ಗರಗರನೆ ತಿರುಗಿಸಿದರೆ ಹಲ್ಲುಗಳು ಕರಗುತ್ತವೆ. ಬಹುತೇಕ ಸಲ ಇಷ್ಟರಲ್ಲೇ ಗಾಡಿ ಹೊರಬರುತ್ತದೆ.

ಹಗ್ಗ ಕಟ್ಟಿ ಎಳೆಯುವುದು ಪ್ರವಾಸದಲ್ಲೇ ಹೆಚ್ಚು ಅಪಾಯದ ಹೊತ್ತು. ಟ್ರೈಲರ್ ಸಿಕ್ಕಿಸುವ ಟೋ ಬಾಲ್‌ಗೆ ಎಂದಿಗೂ ಹಗ್ಗ ಹಾಕಬೇಡಿ. ಅದು ಮುರಿದು ಗುಂಡಿನಂತೆ ಹಾರಿ ಜನ ಸತ್ತಿದ್ದಾರೆ. ಲಾರಿಯ ಮೇಲೆ ಗಾಡಿ ಬಿಗಿಯಲು ಕೊಟ್ಟ ತೆಳು ಕೊಂಡಿಗಳೂ ಬೇಡ. ಷಾಸಿಗೆ ಬೋಲ್ಟ್ ಮಾಡಿದ, ಎಳೆಯಲೆಂದೇ ಕೊಟ್ಟ ಕೊಕ್ಕೆಯೇ ಆಗಬೇಕು. ಹಗ್ಗದ ತಾಳಿಕೆ ಗಾಡಿಯ ತುಂಬಿದ ತೂಕದ ಎರಡರಿಂದ ಮೂರು ಪಟ್ಟು ಇರಲಿ. ಎರಡು ಹಗ್ಗಗಳನ್ನು ಕಬ್ಬಿಣದ ಶ್ಯಾಕಲ್ (ಬಳೆಯಂಥ ಕೊಂಡಿ) ಹಾಕಿ ಜೋಡಿಸಬೇಡಿ. ಹಿಗ್ಗುವ ಕೈನೆಟಿಕ್ ಹಗ್ಗವಾದರೆ ಒಂದೆರಡು ಮೀಟರ್ ಸಡಿಲ ಬಿಟ್ಟು, ಕಡಿದರೆ ಹಾರದಂತೆ ಅದರ ಮೇಲೆ ಒದ್ದೆ ಗೋಣಿಚೀಲವನ್ನೋ ಡ್ಯಾಂಪರನ್ನೋ (ಹಗ್ಗದ ಮೇಲೆ ಹಾಕುವ ಭಾರದ ಹೊದಿಕೆ) ಹಾಕಿ, ಎಳೆಯುವ ಗಾಡಿ ಲೋ ಎರಡನೇ ಗೇರಿನಲ್ಲಿ ನಿಧಾನವಾಗಿ ಹೊರಡಲಿ. ಹಿಗ್ಗದ ಟೋ ಹಗ್ಗದಲ್ಲಿ ಜಗ್ಗುವಂತೆಯೇ ಇಲ್ಲ. ಎರಡೂ ಗಾಡಿಗಳಲ್ಲಿ ಚಾಲಕರು ಮಾತ್ರ ಇರಬೇಕು, ಉಳಿದವರು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದಲ್ಲಿ, ಪಕ್ಕಕ್ಕೆ ನಿಲ್ಲಬೇಕು.

ತಂಗುವ ಜಾಗ

ಸೂರ್ಯ ಮುಳುಗಲು ಎರಡು ಗಂಟೆ ಇರುವಾಗಲೇ ತಲುಪಿ. ಒಣಗಿದ ಹೊಳೆಯ ಪಾತ್ರ ಸಮತಟ್ಟಾಗಿ ಆಕರ್ಷಕವಾಗಿ ಕಾಣುತ್ತದೆ, ಅಲ್ಲಿ ಟೆಂಟ್ ಹಾಕಬೇಡಿ. ಮಳೆ ಎಲ್ಲೋ ಮೇಲೆ ಸುರಿದರೂ ನೀರು ರಾತ್ರಿ ಇಲ್ಲಿಗೆ ಬರುತ್ತದೆ. ಒಣಕೊಂಬೆಯ ಕೆಳಗೂ ಬೇಡ. ಗಾಡಿಯನ್ನು ಹೊರಡುವ ದಿಕ್ಕಿಗೆ ಮುಖ ಮಾಡಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ. ಎತ್ತರದ ಒಣಹುಲ್ಲಿನ ಮೇಲೆ ನಿಲ್ಲಿಸಬಾರದು, ಎಕ್ಸಾಸ್ಟ್‌ನ ಕ್ಯಾಟಲಿಟಿಕ್ ಕನ್ವರ್ಟರ್ ಹುಲ್ಲಿಗೆ ಬೆಂಕಿ ಹಚ್ಚುವಷ್ಟು ಕಾದಿರುತ್ತದೆ. 1ರಿಂದ 2 ಕೆ.ಜಿ. ತೂಕದ ಒಣಪುಡಿಯ ಅಗ್ನಿಶಾಮಕ ಚಾಲಕನ ಕೈಗೆಟಕುವಲ್ಲಿ ಇರಲಿ. ಟೆಂಟಿನೊಳಗೆ, ಮುಚ್ಚಿದ ಗಾಡಿಯೊಳಗೆ ಸ್ಟೌ, ಇದ್ದಿಲು ಉರಿಸಬೇಡಿ: ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಮತ್ತೆ ಡಾಂಬರಿಗೆ

ಡಾಂಬರು ಸಿಕ್ಕ ಕೂಡಲೇ ಟೈರಿಗೆ ಗಾಳಿ ತುಂಬಿಸಿ. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದರೆ ಟೈರು ಕಾದು ಒಡೆಯುತ್ತದೆ. ಟೂ ಹೈಗೆ, ಅಂದರೆ ಎರಡೇ ಚಕ್ರಕ್ಕೆ ಬಲ ಹೋಗುವ ಮಾಮೂಲಿ ಸ್ಥಿತಿಗೆ ಬನ್ನಿ. ಚಕ್ರದ ನಟ್ಟುಗಳನ್ನು ಪಾನಾ ಹಾಕಿ ನೋಡಿ, ಬ್ರೇಕಿನ ಬಳಿ ಕಲ್ಲು ಸಿಕ್ಕಿದೆಯೇ, ಅಡಿಯಲ್ಲಿ ಹುಲ್ಲು ಸುತ್ತಿಕೊಂಡಿದೆಯೇ, ಆಯಿಲ್ ತೊಟ್ಟಿಕ್ಕುತ್ತಿದೆಯೇ ಎಂದು ಬಗ್ಗಿ ನೋಡಿ. 60 ಕಿ.ಮೀ. ವೇಗ ದಾಟಿದಾಗ ಸ್ಟೇರಿಂಗ್ ನಡುಗಿದರೆ ರಿಮ್ಮಿನ ಒಳಗೆ ಕೆಸರು ಒಣಗಿ ಕೂತಿರುವ ಸಾಧ್ಯತೆ ಹೆಚ್ಚು. ಅದನ್ನು ಕೆರೆದು ತೊಳೆದ ಮೇಲೂ ನಡುಕ ಉಳಿದರೆ ರಿಮ್ಮು, ಸ್ಟೇರಿಂಗ್ ರಾಡುಗಳನ್ನು ಮೆಕ್ಯಾನಿಕ್‌ಗೆ ತೋರಿಸಿ.