ಮೂರು ತಾಸಿನೊಳಗೆ ಮುಗಿದ ಹೆರಿಗೆ

ನನ್ನ ಎರಡನೆಯ ಮಗು, ಮೊದಲ ನೋವು ಕಾಣಿಸಿಕೊಂಡ ಎರಡು ತಾಸಿನೊಳಗೆ ಹುಟ್ಟಿತು. ಕ್ರಮಬದ್ಧವಾದ ನೋವು ಆರಂಭವಾಗಿ ಮೂರು ತಾಸು ತುಂಬುವ ಮೊದಲೇ ಮಗು ಹುಟ್ಟಿದರೆ ವೈದ್ಯರು ಅದನ್ನು ಅತಿಶೀಘ್ರ ಹೆರಿಗೆ ಎಂದು ಪ್ರತ್ಯೇಕವಾಗಿ ಗುರುತಿಸುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ಬಾಣಂತಿಯನ್ನು ನೋಡಲು ಬಂದವರೆಲ್ಲ 'ಪುಣ್ಯವಂತೆ, ಹೂವೆತ್ತಿದ ಹಾಗೆ ಆಯಿತು' ಎಂದರು. ಪ್ರೀತಿಯಿಂದ ಆಡಿದ ಆ ಮಾತನ್ನು ನಾನು ತಪ್ಪಾಗಿ ತಿಳಿಯಲಿಲ್ಲ. ಆದರೆ ಬೇಗ ಆದ ಹೆರಿಗೆಯನ್ನು ಸುಲಭವಾದ ಹೆರಿಗೆ ಎಂದುಕೊಂಡರೆ, ಅದರ ನಂತರ ತಾಯಿಗೂ ಮಗುವಿಗೂ ಬೇಕಾಗುವ ಎಚ್ಚರ ತಪ್ಪಿಹೋಗುತ್ತದೆ. ಆ ಕಾರಣಕ್ಕಾಗಿಯೇ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ಹೊಸನಗರ ತಾಲ್ಲೂಕಿನ ನಗರ ಹೋಬಳಿಯಲ್ಲಿ, ಡಾಂಬರು ರಸ್ತೆಯಿಂದ ಸಾಕಷ್ಟು ಒಳಗೆ. ಮೊದಲ ಹೆರಿಗೆ ತವರಿನ ಕಡೆ ಆಗಿತ್ತು. ಸಂಜೆ ಆರಂಭವಾದ ನೋವು ಮರುದಿನ ಮಧ್ಯಾಹ್ನದವರೆಗೆ ನಡೆದಿತ್ತು. ಗರ್ಭಕೋಶದ ಬಾಯಿಯೂ ಹೆರಿಗೆಯ ದಾರಿಯೂ ಒಮ್ಮೆ ತೆರೆದುಕೊಂಡಿರುವುದರಿಂದ ಎರಡನೆಯದು ಸಾಮಾನ್ಯವಾಗಿ ಇದಕ್ಕಿಂತ ಬೇಗ ಆಗುತ್ತದೆ ಎಂದು ವೈದ್ಯರು ತಪಾಸಣೆಯ ವೇಳೆ ಹೇಳಿದ್ದರು. ನಮ್ಮ ಊರಿನ ಆಶಾ ಕಾರ್ಯಕರ್ತೆ ಅದನ್ನು ಇನ್ನೂ ಸ್ಪಷ್ಟವಾಗಿ ಹೇಳಿದ್ದರು: 'ಎರಡನೆಯದಕ್ಕೆ ನೋವು ಜೋರಾಗಲಿ ಎಂದು ಕಾಯಬಾರದು, ಮೊದಲ ನೋವಿಗೇ ಫೋನ್ ಮಾಡಬೇಕು.' ಎಂಟನೆಯ ತಿಂಗಳಿನಲ್ಲಿ ಅವರು ಮನೆಗೆ ಬಂದು ನಮ್ಮೆದುರೇ ಚೀಲ ಜೋಡಿಸಿದರು. ತಾಯಿ ಕಾರ್ಡ್, ರಕ್ತಪರೀಕ್ಷೆಯ ವರದಿಗಳು, ಆಧಾರ್, ತೊಳೆದು ಬಿಸಿಲಿನಲ್ಲಿ ಒಣಗಿಸಿದ ಹಳೆಯ ಹತ್ತಿ ಸೀರೆಗಳು, ಮಗುವಿಗೆ ಟೊಪ್ಪಿಗೆ ಮತ್ತು ಕಾಲುಚೀಲ ಎಲ್ಲವೂ ಅದರಲ್ಲಿ ಸಿದ್ಧವಾಗಿದ್ದವು. ದಿನ ತುಂಬುವ ಎರಡು ವಾರ ಮೊದಲು ಹೊಸನಗರದಲ್ಲಿರುವ ನಮ್ಮವರ ಸೋದರತ್ತೆಯ ಮನೆಗೆ ಹೋಗಿ ಉಳಿಯುವುದೆಂದೂ ನಿಶ್ಚಯವಾಗಿತ್ತು. ನೋವು ಅದಕ್ಕೂ ಮೊದಲೇ ಬಂದಿತು. 37 ವಾರ ತುಂಬಿದ್ದರಿಂದ ಮಗು ಅವಧಿಗೆ ಮುನ್ನ ಹುಟ್ಟಿದಂತಾಗಲಿಲ್ಲ ಎಂಬುದಷ್ಟೇ ಸಮಾಧಾನ.

ಬೆಳಗಿನ ಜಾವ ಸೊಂಟ ಹಿಡಿದುಕೊಂಡಂತಾಗಿ ಎಚ್ಚರವಾಯಿತು. ಮೊದಲ ಹೆರಿಗೆಯಲ್ಲಿ ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಎದ್ದು ಓಡಾಡಲು, ನೀರು ಕುಡಿಯಲು, ಕಣ್ಣು ಮುಚ್ಚಿ ಒರಗಲು ಬಿಡುವು ಸಿಕ್ಕಿತ್ತು. ನೋವು ಮೆಟ್ಟಿಲು ಹತ್ತಿದಂತೆ ಒಂದೊಂದಾಗಿ ಏರಿತ್ತು. ಈ ಬಾರಿ ಅಂತಹ ಏರಿಕೆಯೇ ಇರಲಿಲ್ಲ. ಆರಂಭದಿಂದಲೇ ಮೂರು ನಾಲ್ಕು ನಿಮಿಷಕ್ಕೊಂದು ನೋವು ಬಂದು ಸುಮಾರು ಒಂದು ನಿಮಿಷ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿನಲ್ಲಿ ಒಂದು ಮುಗಿಯುವ ಮೊದಲೇ ಇನ್ನೊಂದು ಹಿಡಿದುಕೊಳ್ಳತೊಡಗಿತು. ನಮ್ಮವರು 108ಕ್ಕೆ ಕರೆ ಮಾಡಿ, ಬೆನ್ನಿಗೇ ಆಶಾ ಅಕ್ಕನಿಗೂ ತಿಳಿಸಿದರು. ಪಕ್ಕದ ಮನೆಯವರು ಜೀಪು ತೆಗೆಯಲು ಸಿದ್ಧರಾಗಿದ್ದರು. ಆದರೆ ನೋವಿನ ಅಂತರ ಎಷ್ಟೆಂದು ಫೋನಿನಲ್ಲಿ ಕೇಳಿ ತಿಳಿದ ಅಕ್ಕ, ಜೀಪಿನಲ್ಲಿ ಹೊರಡುವುದು ಬೇಡ, ಅದರಲ್ಲಿ ಮಲಗಲು ಜಾಗವಿರುವುದಿಲ್ಲ, ಹೆರಿಗೆ ಮಾಡಿಸಲು ಬಲ್ಲವರೂ ಇರುವುದಿಲ್ಲ, ಆಂಬುಲೆನ್ಸ್ ಬರುವವರೆಗೆ ಮನೆಯಲ್ಲೇ ಇರಿ ಎಂದರು. ಹೊರಟುಬಿಡಬೇಕೆಂಬ ಅವಸರದಲ್ಲಿ ಎಲ್ಲರೂ ಇದ್ದಾಗ ಕಾಯಿರಿ ಎಂದು ಹೇಳುವುದಕ್ಕೆ ಧೈರ್ಯ ಬೇಕು. ಅವರು ಕೊಟ್ಟ ಆ ಸೂಚನೆಗೆ ನಾನು ಇಂದಿಗೂ ಋಣಿ.

ಅಷ್ಟರಲ್ಲಿ ನೀರು ಒಡೆಯಿತು. ಅದು ಹಸಿರಾಗಿದೆಯೇ, ತಿಳಿಯಾಗಿದೆಯೇ ಎಂದು ಅತ್ತೆ ದೀಪ ಹಿಡಿದು ನೋಡಿದರು, ತಿಳಿಯಾಗಿತ್ತು. ಹಸಿರು ಬಣ್ಣವಿದ್ದರೆ ಮಗು ಹೊಟ್ಟೆಯೊಳಗೇ ಮಲವಿಸರ್ಜನೆ ಮಾಡಿದೆ ಎಂದು ತಿಳಿಯಬೇಕು, ಆಸ್ಪತ್ರೆಯವರಿಗೆ ಅದನ್ನು ತಪ್ಪದೆ ಹೇಳಬೇಕು. ಅದಾದ ಮೇಲೆ ನನಗೆ ತಡೆಯಲಾರದಂತೆ ಶೌಚಕ್ಕೆ ಹೋಗಬೇಕೆನಿಸಿತು. ಎದ್ದವಳನ್ನು ಅತ್ತೆ ಬಲವಾಗಿ ಹಿಡಿದು ಕೂರಿಸಿದರು. ಮಗುವಿನ ತಲೆ ಕೆಳಗಿಳಿದು ಒತ್ತಿದಾಗ ಹಾಗೆಯೇ ಅನಿಸುತ್ತದೆ, ಈಗ ಬಚ್ಚಲಿಗೆ ಹೋದರೆ ಮಗು ಅಲ್ಲಿಯೇ ಬಿದ್ದೀತು ಎಂಬುದನ್ನು ಅವರು ಸೂಲಗಿತ್ತಿಯರ ಕಾಲದಿಂದ ಬಲ್ಲವರು. ಪಾವಗಡದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಸೂಲಗಿತ್ತಿ ಎಂಬ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ನಮ್ಮ ಅತ್ತೆಯಂತಹ ಅನೇಕ ಹೆಂಗಸರು ಅಂಥವರ ಪಕ್ಕದಲ್ಲಿ ನಿಂತು ಕಲಿತದ್ದನ್ನು ಯಾರೂ ಕೇಳದೆ ಮನೆಯೊಳಗೇ ಇಟ್ಟುಕೊಂಡಿದ್ದಾರೆ. ಅವರು ನನ್ನನ್ನು ಎಡ ಮಗ್ಗುಲಿಗೆ ಮಲಗಿಸಿ, 'ಮುಕ್ಕಬೇಡ ಮಗಳೇ, ಬಾಯಿ ತೆರೆದು ಸಣ್ಣಗೆ ಉಸಿರು ಬಿಡು' ಎಂದು ಹೇಳುತ್ತಲೇ ಇದ್ದರು.

ಆಂಬುಲೆನ್ಸ್ ಬಂದು ಸ್ಟ್ರೆಚರ್ ಮೇಲೆ ಮಲಗಿಸಿಕೊಂಡು ಹೊರಟಿತು. ಡಾಂಬರು ರಸ್ತೆ ಸೇರಿ ಸ್ವಲ್ಪ ದೂರ ಸಾಗುವಷ್ಟರಲ್ಲಿ, ಒಳಗಿದ್ದ ಸಿಬ್ಬಂದಿ ಹುಡುಗಿ ನನ್ನನ್ನು ಪರೀಕ್ಷಿಸಿ, ಸಮತಟ್ಟಾದ ಕಡೆ ಗಾಡಿ ನಿಲ್ಲಿಸಲು ಚಾಲಕರಿಗೆ ಹೇಳಿದಳು. ಓಡುವ ವಾಹನದಲ್ಲಿ ಮಗುವನ್ನು ಕೈಗೆ ತೆಗೆದುಕೊಳ್ಳುವುದಕ್ಕಿಂತ ನಿಂತ ವಾಹನದಲ್ಲಿ ತೆಗೆದುಕೊಳ್ಳುವುದು ಕ್ಷೇಮ. ಕೈಗವಸು ಹಾಕಿಕೊಂಡು, ಹೆರಿಗೆಯ ಕಿಟ್ ಬಿಚ್ಚಿ, ಒಂದು ಅಂಗೈಯನ್ನು ಮಗುವಿನ ತಲೆಗೆ ಮೃದುವಾಗಿ ಒತ್ತಿ ಹಿಡಿದು, ತಲೆ ಒಮ್ಮೆಲೇ ಚಿಮ್ಮದಂತೆ ನೋಡಿಕೊಂಡಳು. 'ಅಕ್ಕಾ, ಈ ನೋವಿಗೆ ಮುಕ್ಕಬೇಡಿ, ಬರೀ ಉಸಿರು ಬಿಡಿ' ಎಂದು ಅವಳೂ ಅತ್ತೆಯ ಮಾತನ್ನೇ ಹೇಳಿದಳು. ದೇಹವೆಲ್ಲ ಮುಕ್ಕು ಎನ್ನುತ್ತಿರುವಾಗ ಮುಕ್ಕದೆ ಇರುವುದು ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ. ತಲೆ ಹೊರಗೆ ಬಂದ ಮೇಲೆ ಅವಳು ಕುತ್ತಿಗೆಯ ಸುತ್ತ ಬೆರಳಾಡಿಸಿ, ಸಡಿಲವಾಗಿ ಸುತ್ತಿಕೊಂಡಿದ್ದ ಹೊಕ್ಕುಳ ಬಳ್ಳಿಯನ್ನು ತಲೆಯ ಮೇಲಿನಿಂದ ಜಾರಿಸಿದಳು. ಮುಂದಿನ ನೋವಿಗೆ ಮಗು ಪೂರ್ತಿಯಾಗಿ ಹೊರಬಂದು ಅತ್ತಿತು. ಹೆಣ್ಣುಮಗು.

ಒಣಬಟ್ಟೆಯಿಂದ ಮೈಯನ್ನೆಲ್ಲ ಒರೆಸಿ, ಒದ್ದೆಯಾದ ಆ ಬಟ್ಟೆಯನ್ನು ತೆಗೆದಿಟ್ಟು, ಮಗುವನ್ನು ನನ್ನ ಬರಿಯ ಎದೆಯ ಮೇಲೆ ಮಲಗಿಸಿ ಇಬ್ಬರ ಮೇಲೂ ಒಂದೇ ಕಂಬಳಿ ಹೊದಿಸಿದರು. ಬಳ್ಳಿಯ ಮಿಡಿತ ನಿಲ್ಲುವವರೆಗೆ ಕಾದು, ಎರಡು ಕಡೆ ಕ್ಲಿಪ್ ಹಾಕಿ ನಡುವೆ ಕತ್ತರಿಸಿದರು. ಮಾಸು ಇನ್ನೂ ಬಿದ್ದಿರಲಿಲ್ಲ; ಅದಕ್ಕಾಗಿ ಬಳ್ಳಿಯನ್ನು ಎಳೆಯಲು ಯಾರೂ ಹೋಗಲಿಲ್ಲ. ಹಾಗೆ ಎಳೆದರೆ ರಕ್ತಸ್ರಾವವಾಗಬಹುದು, ಗರ್ಭಕೋಶವೇ ಒಳಮೈ ಹೊರಗಾಗಿ ತಿರುಗಿಕೊಳ್ಳುವ ಅಪಾಯವೂ ಇದೆ.

ಆಸ್ಪತ್ರೆ ತಲುಪಿದ ಕೂಡಲೇ ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತೊಡೆಗೆ 10 ಯೂನಿಟ್ ಕೊಟ್ಟರು, ಮಾಸು ಬಿದ್ದಿತು. ಬೇಗ ಆದ ಹೆರಿಗೆಯ ನಿಜವಾದ ಬೆಲೆ ನನಗೆ ಅರಿವಾದದ್ದು ಆ ನಂತರ. ಚರ್ಮ ಮತ್ತು ಸ್ನಾಯು ನಿಧಾನವಾಗಿ ಹಿಗ್ಗಲು ಸಮಯವೇ ಸಿಗದೆ ಹರಿದಿದ್ದರಿಂದ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಹೊಲಿಗೆ ಹಾಕಬೇಕಾಯಿತು. ಅಷ್ಟು ರಭಸದಿಂದ ದುಡಿದ ಗರ್ಭಕೋಶ ದಣಿದು ಮೆತ್ತಗಾಗಿಬಿಟ್ಟರೆ ರಕ್ತ ನಿಲ್ಲುವುದಿಲ್ಲವಾದ್ದರಿಂದ, ಮೊದಲ ಎರಡು ತಾಸು ನರ್ಸ್ ಹದಿನೈದು ನಿಮಿಷಕ್ಕೊಮ್ಮೆ ಬಂದು ಕಿಬ್ಬೊಟ್ಟೆಯನ್ನು ಒತ್ತಿ ಅದು ಗಟ್ಟಿಯಾಗಿದೆಯೇ ಎಂದು ನೋಡುತ್ತಿದ್ದರು, ಪ್ಯಾಡ್ ಎಷ್ಟು ನೆನೆದಿದೆ ಎಂದು ಪರೀಕ್ಷಿಸುತ್ತಿದ್ದರು. ಮಗುವಿನ ಮುಖ ಊದಿಕೊಂಡು ಸಣ್ಣ ಸಣ್ಣ ಕೆಂಪು ಚುಕ್ಕೆಗಳಾಗಿದ್ದವು. ತಲೆ ಬಿರುಸಾಗಿ ಬಂದಾಗ ಹೀಗಾಗುತ್ತದೆ, ಕೆಲವು ದಿನಗಳಲ್ಲಿ ಮಾಯುತ್ತದೆ ಎಂದರು. ಉಸಿರಾಟ ನಿಮಿಷಕ್ಕೆ 60ನ್ನು ದಾಟುತ್ತದೆಯೇ ಎಂದು ಎಣಿಸಿ ನೋಡಿ, ದಾಟಿಲ್ಲವೆಂದು ಖಚಿತವಾದ ಮೇಲೆಯೇ ಮಗುವನ್ನು ನನ್ನ ಪಕ್ಕದಲ್ಲಿ ಬಿಟ್ಟರು. ಮೊದಲ ತಾಸಿನೊಳಗೆ ಎದೆಹಾಲು, ಆಮೇಲೆ ವಿಟಮಿನ್ ಕೆ ಮತ್ತು ಹುಟ್ಟಿದಾಗಿನ ಲಸಿಕೆಗಳು ಎಲ್ಲರಂತೆ ನಡೆದವು.

ನನ್ನ ಮೈ ಮಾತ್ರ ಹಲ್ಲು ಕಟಕಟ ಎನ್ನುವಂತೆ ನಡುಗುತ್ತಿತ್ತು. ಜ್ವರವಲ್ಲ, ಹೆರಿಗೆಯ ನಂತರ ಹಲವರಿಗೆ ಹೀಗಾಗುತ್ತದೆ ಎಂದು ನರ್ಸ್ ಹೇಳಿದ ಮೇಲೆ ಭಯ ಕಡಿಮೆಯಾಯಿತು. ಆ ನಡುಕ ಬೇಗ ನಿಂತಿತು. ಮನಸ್ಸು ತಿಳಿಯಾಗಲು ಹೆಚ್ಚು ಕಾಲ ಹಿಡಿಯಿತು. ಮಗುವನ್ನು ಎತ್ತಿಕೊಂಡಿದ್ದರೂ ಹೆರಿಗೆ ಬೇರೆ ಯಾರಿಗೋ ಆದಂತೆ, ಯಾವುದು ಮೊದಲು ಯಾವುದು ಆಮೇಲೆ ಎಂಬುದೇ ಕಲಸಿಹೋದಂತೆ ಅನಿಸುತ್ತಿತ್ತು. ಬಾಣಂತನಕ್ಕೆ ಬಂದ ಅಮ್ಮ ಪ್ರತಿದಿನ ಎಣ್ಣೆ ಹಚ್ಚುವಾಗ 'ಆಮೇಲೆ ಏನಾಯಿತು?' ಎಂದು ಕೇಳಿ ಕೇಳಿ ಪೂರ್ತಿ ಕಥೆ ಹೇಳಿಸಿದರು. ನಮ್ಮವರು, ಅತ್ತೆ, ಆಶಾ ಅಕ್ಕ ಒಬ್ಬೊಬ್ಬರೂ ತಾವು ಕಂಡದ್ದನ್ನು ಸೇರಿಸಿದರು. ಹಾಗೆ ಹೇಳುತ್ತಾ ಹೇಳುತ್ತಾ ಅದು ನನ್ನದಾಯಿತು. ಸುಲಭವಾಯಿತಲ್ಲ ಎಂದು ಬಾಣಂತಿಯ ಬಾಯಿ ಮುಚ್ಚಿಸುವ ಬದಲು ಹೀಗೆ ಕೇಳಿಸಿಕೊಳ್ಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು.

ಜನನ ನೋಂದಣಿಯ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ನಮ್ಮ ಮನೆಯಲ್ಲಿ ಅದರ ಚಿಂತೆ ಇತ್ತು. ದಾರಿಯಲ್ಲಿ ವಾಹನದೊಳಗೆ ಹುಟ್ಟಿದ ಮಗುವಿನ ನೋಂದಣಿಗೂ 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ವಾಹನದ ಹೊಣೆ ಹೊತ್ತವರು ಮೊದಲು ನಿಲ್ಲುವ ಸ್ಥಳದಲ್ಲಿ ಮಾಹಿತಿ ಕೊಡಬೇಕು, 21 ದಿನಗಳೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಆಂಬುಲೆನ್ಸ್‌ನವರು ಬರೆದುಕೊಂಡ ಹೆರಿಗೆಯ ಸಮಯ ಇದಕ್ಕೆ ಆಧಾರವಾಯಿತು.

ಒಮ್ಮೆ ಹೀಗಾದವರಿಗೆ ಮುಂದಿನ ಹೆರಿಗೆಯೂ ಬೇಗ ಆಗುವ ಸಾಧ್ಯತೆ ಹೆಚ್ಚು ಎಂದು ವೈದ್ಯರು ಬಿಡುಗಡೆಯ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಅದನ್ನು ತಾಯಿ ಕಾರ್ಡ್‌ನೊಳಗೇ ಇಟ್ಟಿದ್ದೇನೆ. ನಮ್ಮ ಆಶಾ ಅಕ್ಕ ಎರಡನೆಯ ಬಸಿರಿನವರ ಮನೆಗೆ ಹೋಗುವಾಗ ಈಗ ಏಳನೆಯ ತಿಂಗಳಿನಲ್ಲೇ ವಾಹನದ ಮಾತು ಎತ್ತುತ್ತಾರೆ, ಒಮ್ಮೊಮ್ಮೆ ನನ್ನನ್ನೂ ಜೊತೆಗೆ ಕರೆದೊಯ್ಯುತ್ತಾರೆ. ಅಲ್ಲಿ ನಾನು ಬಸುರಿಗಿಂತ ಹೆಚ್ಚಾಗಿ ಅವಳ ಅತ್ತೆ ಮತ್ತು ಗಂಡನ ಜೊತೆ ಮಾತನಾಡುತ್ತೇನೆ: ನೀರಿನ ಬಣ್ಣ ನೋಡಬೇಕು, ಶೌಚಕ್ಕೆ ಎದ್ದರೆ ತಡೆಯಬೇಕು, ಎಡಕ್ಕೆ ಮಲಗಿಸಬೇಕು, ಬಳ್ಳಿ ಎಳೆಯಬಾರದು, ಮಗುವನ್ನು ಒರೆಸಿ ತಾಯಿಯ ಎದೆಗೆ ಕೊಡಬೇಕು, ಮಗು ಚೆನ್ನಾಗಿ ಅತ್ತರೂ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.