ಶಿಫ್ಟ್ ಡಿಲೀಟ್ ಒತ್ತಿಬಿಟ್ರಾ? ಮೊದಲು ಮೌಸ್ ಬಿಡಿ

ದಸರಾ ರಜೆಯಲ್ಲಿ ಚಿಕ್ಕಪ್ಪ ಫೋನ್ ಮಾಡಿದರು. "ಫೈಲ್ ಹೋಯ್ತು ಕಣೋ." ಯಾವ ಫೈಲು ಅಂತ ಕೇಳಬೇಕಾಗಿರಲಿಲ್ಲ. ರಿಟೈರ್ ಆದ ಮೇಲೆ ನಾಲ್ಕು ವರ್ಷ ಊರೂರು ಸುತ್ತಿ, ಸಿಕ್ಕ ಸಿಕ್ಕ ಅಜ್ಜಿಯರನ್ನೆಲ್ಲ ಮಾತಾಡಿಸಿ, ನಮ್ಮ ಮನೆತನದ ವಂಶಾವಳಿ ಟೈಪ್ ಮಾಡಿ ಇಟ್ಟಿದ್ದರು. ಅದೇ. ಡಿ ಡ್ರೈವಿನಲ್ಲಿ ಜಾಗ ಇಲ್ಲ ಅಂತ ಹಳೇ ಸಿನಿಮಾಗಳನ್ನು ಅಳಿಸಲು ಹೋಗಿ, ಜೊತೆಗೆ ಈ ಫೋಲ್ಡರೂ ಸೆಲೆಕ್ಟ್ ಆಗಿದ್ದು ನೋಡದೆ ಶಿಫ್ಟ್ ಡಿಲೀಟ್ ಒತ್ತಿದ್ದರು. ಹಾಗೆ ಒತ್ತಿದರೆ ಫೈಲು ರೀಸೈಕಲ್ ಬಿನ್ನಿಗೂ ಹೋಗುವುದಿಲ್ಲ.

"ಈಗೇನು ಮಾಡ್ತಾ ಇದೀರಿ?"

"ಯೂಟ್ಯೂಬ್ ನೋಡಿ ಒಂದು ರಿಕವರಿ ಸಾಫ್ಟ್‌ವೇರ್ ಡೌನ್‌ಲೋಡ್ ಹಾಕಿದೀನಿ."

"ಎಲ್ಲಿಗೆ?"

"ಡಿ ಡ್ರೈವಿಗೇ. ಈಗ ಜಾಗ ಆಯ್ತಲ್ಲ."

ಅಷ್ಟು ಹೊತ್ತಿಗೆ ಅರ್ಧ ಡೌನ್‌ಲೋಡ್ ಆಗಿತ್ತು. ಕ್ಯಾನ್ಸಲ್ ಮಾಡಿಸಿ, ಕಂಪ್ಯೂಟರ್ ಆಫ್ ಮಾಡಿಸಿದೆ. ನಾನು ಬರುವವರೆಗೆ ಮುಟ್ಟಬೇಡಿ ಅಂದೆ. ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇಷ್ಟೇ.

ಯಾಕೆ ಅಂದರೆ, ಡಿಲೀಟ್ ಮಾಡಿದಾಗ ವಿಂಡೋಸ್ ನಿಮ್ಮ ಅಕ್ಷರಗಳನ್ನು ಒರೆಸುವುದಿಲ್ಲ. ಯಾವ ಫೈಲು ಡಿಸ್ಕಿನ ಯಾವ ಜಾಗದಲ್ಲಿದೆ ಅಂತ ಅದು ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಆ ಪಟ್ಟಿಯಲ್ಲಿ ಈ ಜಾಗ ಖಾಲಿ ಅಂತ ಗುರುತು ಹಾಕುತ್ತದೆ, ಅಷ್ಟೆ. ಪಹಣಿಯಿಂದ ಹೆಸರು ತೆಗೆದ ಮಾತ್ರಕ್ಕೆ ಹೊಲದಲ್ಲಿರುವ ಬೆಳೆ ಮಾಯ ಆಗಲ್ಲ, ಅಲ್ವಾ? ಬೇರೆ ಯಾರೋ ಬಂದು ಉತ್ತು ಬಿತ್ತಿದಾಗ ಹೋಗುತ್ತದೆ. ಹೊಸ ಡೌನ್‌ಲೋಡು, ಬ್ರೌಸರ್ ಸುಮ್ನೆ ಕೂಡಿಡುವ ಕಸ, ವಿಂಡೋಸ್ ಅಪ್‌ಡೇಟು, ಎಲ್ಲವೂ ಆ ಉಳುಮೆಯೇ. ಅದಕ್ಕೇ ಫೈಲ್ ಇದ್ದ ಡ್ರೈವಿನ ಮೇಲೆ ಏನೂ ಬರೆಯಬಾರದು, ರಿಕವರಿ ಸಾಫ್ಟ್‌ವೇರನ್ನು ಕೂಡ.

ಸಾಫ್ಟ್‌ವೇರ್ ಹುಡುಕುವ ಮೊದಲು

ಈಗಷ್ಟೇ, ಶಿಫ್ಟ್ ಇಲ್ಲದೆ ಡಿಲೀಟ್ ಮಾಡಿದ್ದರೆ ಅದೇ ಫೋಲ್ಡರಿನಲ್ಲಿ ಕಂಟ್ರೋಲ್ ಜೆಡ್ ಒತ್ತಿ ನೋಡಿ. ಎಷ್ಟೋ ಜನಕ್ಕೆ ಇದು ವರ್ಡ್ ಒಳಗೆ ಮಾತ್ರ ಅಲ್ಲ, ಫೈಲುಗಳ ಮೇಲೂ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲ. ಇಲ್ಲದಿದ್ದರೆ ರೀಸೈಕಲ್ ಬಿನ್ ತೆರೆದು, ಡಿಲೀಟ್ ಆದ ದಿನಾಂಕದ ಮೇಲೆ ಜೋಡಿಸಿ, ಬಲ ಕ್ಲಿಕ್ ಮಾಡಿ ರಿಸ್ಟೋರ್ ಕೊಡಿ. ಫೈಲು ಮೊದಲು ಎಲ್ಲಿತ್ತೋ ಅಲ್ಲಿಗೇ ವಾಪಸ್ ಹೋಗುತ್ತದೆ. ಡೆಸ್ಕ್‌ಟಾಪಿನಲ್ಲಿ ಕಾಣಲಿಲ್ಲ ಅಂತ ಗಾಬರಿ ಬೇಡ.

ಪೆನ್ ಡ್ರೈವಿನಿಂದ ಅಳಿಸಿದ್ದು ಮಾತ್ರ ಸಾಮಾನ್ಯವಾಗಿ ಬಿನ್ನಿಗೆ ಬರುವುದೇ ಇಲ್ಲ, ಸೀದಾ ಹೋಗುತ್ತದೆ. ಇನ್ನೊಂದು ವಿಷಯ, ಸ್ಟೋರೇಜ್ ಸೆನ್ಸ್ ಅನ್ನುವ ಸೆಟ್ಟಿಂಗ್ ಆನ್ ಇದ್ದರೆ ಬಿನ್ನಿನಲ್ಲಿ 30 ದಿನ ದಾಟಿದ್ದನ್ನು ವಿಂಡೋಸ್ ತಾನೇ ಗುಡಿಸಿ ಹಾಕಬಹುದು. ಬಿನ್ನನ್ನೇ ಕಪಾಟು ಮಾಡಿಕೊಂಡಿರುವವರನ್ನು ನಾನು ನೋಡಿದ್ದೇನೆ, ಅವರಿಗೋಸ್ಕರ ಹೇಳಿದೆ.

ಆಮೇಲೆ ಕೂತು ನೆನಪು ಮಾಡಿಕೊಳ್ಳಿ. ಈ ಫೈಲು ಇನ್ನೆಲ್ಲಿಗಾದರೂ ಹೋಗಿತ್ತಾ? ಯಾರಿಗಾದರೂ ಮೇಲ್ ಮಾಡಿದ್ದರೆ ಸೆಂಟ್‌ನಲ್ಲಿ ಇರುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ್ದರೆ ಆ ಚಾಟಿನ ಡಾಕ್ಯುಮೆಂಟ್ಸ್ ನೋಡಿ, ನಿಮ್ಮಲ್ಲಿ ಅಳಿಸಿಹೋಗಿದ್ದರೂ ಪಡೆದವರ ಫೋನಿನಲ್ಲಿ ಇರಬಹುದು. ಗೂಗಲ್ ಡ್ರೈವಿನ ಟ್ರ್ಯಾಶ್‌ನಲ್ಲಿ 30 ದಿನ ಉಳಿಯುತ್ತದೆ. ಒನ್‌ಡ್ರೈವ್ ವೈಯಕ್ತಿಕ ಖಾತೆಯಲ್ಲೂ 30 ದಿನ, ಆಫೀಸಿನ ಖಾತೆಯಾದರೆ ಮಾಮೂಲಾಗಿ 93 ದಿನ. ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರು ನಮ್ಮನ್ನು ಕೇಳಿದ ನೆನಪೂ ಇಲ್ಲದೆ ಒನ್‌ಡ್ರೈವಿಗೆ ಸೇರಿಕೊಂಡಿರುತ್ತದೆ. ಬೇರೆ ದಿನ ಅದನ್ನು ಬೈಯುತ್ತೇವೆ, ಅವತ್ತು ಮಾತ್ರ ದೇವರು. ಬೇರೆ ಕಂಪ್ಯೂಟರಿನಿಂದಲೋ ಫೋನಿನಿಂದಲೋ ಲಾಗಿನ್ ಆಗಿ ನೋಡಿ.

ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ಒಳಗೆ ಪ್ರೀವಿಯಸ್ ವರ್ಷನ್ಸ್ ಕೂಡ ಒಮ್ಮೆ ತೆರೆಯಿರಿ. ವಿಂಡೋಸಿನದೇ ಬ್ಯಾಕಪ್ ವ್ಯವಸ್ಥೆಯಾದ ಫೈಲ್ ಹಿಸ್ಟರಿಯನ್ನು ಯಾವತ್ತಾದರೂ ಆನ್ ಮಾಡಿದ್ದರೆ ಅಲ್ಲಿ ಹಳೇ ಪ್ರತಿ ಸಿಗುತ್ತದೆ. ಮನೆ ಕಂಪ್ಯೂಟರುಗಳಲ್ಲಿ ಇದು ಬಹುತೇಕ ಖಾಲಿಯೇ.

ಇನ್ನು ಡಿಲೀಟ್ ಅಲ್ಲ, ಸೇವ್ ಮಾಡದೆ ವರ್ಡ್ ಮುಚ್ಚಿಬಿಟ್ಟಿದ್ದರೆ ದಾರಿ ಬೇರೆ. ಫೈಲ್ ಮೆನು, ಇನ್ಫೋ, ಮ್ಯಾನೇಜ್ ಡಾಕ್ಯುಮೆಂಟ್, ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್. ವರ್ಡ್ ಮಾಮೂಲಾಗಿ 10 ನಿಮಿಷಕ್ಕೊಮ್ಮೆ ತನ್ನ ಪಾಡಿಗೆ ಒಂದು ಪ್ರತಿ ಇಟ್ಟುಕೊಂಡಿರುತ್ತದೆ.

ಪೆನ್ ಡ್ರೈವ್ ಖಾಲಿ ಕಾಣುತ್ತಿದ್ದರೆ

ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್ ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುವುದು, ಅಥವಾ ಏನೂ ಕಾಣದೆ ಜಾಗ ಮಾತ್ರ ತುಂಬಿರುವುದು ನಿಮಗೂ ಆಗಿರಬಹುದು. ಅಂಥ ಕಡೆ ಫೈಲು ಅಳಿಸಿರುವುದಿಲ್ಲ, ವೈರಸ್ ಅದನ್ನು ಬಚ್ಚಿಟ್ಟಿರುತ್ತದೆ. ಆ ಶಾರ್ಟ್‌ಕಟ್ಟನ್ನು ಮಾತ್ರ ಕ್ಲಿಕ್ ಮಾಡಬೇಡಿ, ನಿಮ್ಮ ಕಂಪ್ಯೂಟರಿಗೂ ಅಂಟುತ್ತದೆ. ಮೊದಲು ಆಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿ. ಆಮೇಲೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲುಗಳನ್ನು ತೋರಿಸು ಅನ್ನುವುದನ್ನು ಆರಿಸಿ, ಸ್ವಲ್ಪ ಕೆಳಗೆ ಇರುವ ಸಿಸ್ಟಂ ಫೈಲುಗಳನ್ನು ಮರೆಮಾಡು ಅನ್ನುವುದರ ಟಿಕ್ ತೆಗೆಯಿರಿ. ಎರಡೂ ಮಾಡಬೇಕು. ಒಂದನ್ನೇ ಮಾಡಿ ಇಲ್ಲ ಇಲ್ಲ ಅನ್ನುವವರೇ ಜಾಸ್ತಿ.

ಪೆನ್ ಡ್ರೈವ್ ಹಾಕಿದ ಕೂಡಲೇ ಫಾರ್ಮ್ಯಾಟ್ ಮಾಡಬೇಕು ಅಂತ ವಿಂಡೋಸ್ ಕೇಳಿದರೆ ಒಪ್ಪಬೇಡಿ. ಹಾರ್ಡ್ ಡಿಸ್ಕು ಟಕ್ ಟಕ್ ಅಂತ ಸದ್ದು ಮಾಡುತ್ತಿದ್ದರೆ ಯಾವ ಸಾಫ್ಟ್‌ವೇರನ್ನೂ ಓಡಿಸಬೇಡಿ, ಕರೆಂಟ್ ತೆಗೆದು ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ. ಅದು ಯಂತ್ರದ ಕಾಯಿಲೆ, ನಮ್ಮ ಕೈಲಿ ಆಗಲ್ಲ.

ಎಸ್‌ಎಸ್‌ಡಿ ಆದರೆ ಬೇರೆ ಲೆಕ್ಕ

ಕೆಟ್ಟ ಸುದ್ದಿ ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಉಳಿಸುವ ಡಿಸ್ಕು) ಇರುವ ಲ್ಯಾಪ್‌ಟಾಪಾದರೆ, ಬಿನ್ನೂ ಖಾಲಿಯಾಗಿದ್ದರೆ, ಆಸೆ ತುಂಬಾ ಕಡಿಮೆ. ವಿಂಡೋಸ್ 7ರಿಂದ ಟ್ರಿಮ್ ಅನ್ನುವ ವ್ಯವಸ್ಥೆ ಇದೆ. ಫೈಲ್ ಅಳಿಸಿದ ಮೇಲೆ ಈ ಜಾಗ ಬೇಡ ಅಂತ ವಿಂಡೋಸ್ ಎಸ್‌ಎಸ್‌ಡಿಗೆ ಹೇಳುತ್ತದೆ, ಎಸ್‌ಎಸ್‌ಡಿ ಆ ಜಾಗವನ್ನು ತೊಳೆದು ಇಡುತ್ತದೆ. ಪಹಣಿಯಿಂದ ಹೆಸರು ತೆಗೆದ ಬೆನ್ನಿಗೇ ಟ್ರ್ಯಾಕ್ಟರ್ ಬಂದು ನಿಂತ ಹಾಗೆ. ಆಮೇಲೆ ಎಷ್ಟೇ ದುಬಾರಿ ಸಾಫ್ಟ್‌ವೇರ್ ಓಡಿಸಿದರೂ ಹೆಸರು ಕಾಣಿಸಬಹುದು, ತೆರೆದರೆ ಒಳಗೆ ಬರೀ ಸೊನ್ನೆ. ದುಡ್ಡು ಕಟ್ಟುವ ಮೊದಲು ಇದು ಗೊತ್ತಿರಲಿ. ಹಳೇ ಹಾರ್ಡ್ ಡಿಸ್ಕು, ಪೆನ್ ಡ್ರೈವು, ಮೆಮೊರಿ ಕಾರ್ಡುಗಳಲ್ಲಿ ಮಾತ್ರ ಈಗಲೂ ಒಳ್ಳೇ ಅವಕಾಶ ಇದೆ.

ಚಿಕ್ಕಪ್ಪನ ಡೆಸ್ಕ್‌ಟಾಪ್

ಅದೃಷ್ಟಕ್ಕೆ ಅವರದ್ದು ಹಳೇ ಹಾರ್ಡ್ ಡಿಸ್ಕು. ಶನಿವಾರ ಬಸ್ಸು ಹತ್ತುವ ಮೊದಲು ನನ್ನ ಪೆನ್ ಡ್ರೈವಿಗೆ ಎರಡು ಸಾಫ್ಟ್‌ವೇರ್ ಹಾಕಿಕೊಂಡೆ, ರೆಕುವಾದ ಪೋರ್ಟಬಲ್ ಆವೃತ್ತಿ ಮತ್ತು ಫೋಟೋರೆಕ್. ಎರಡನ್ನೂ ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವಿನಿಂದಲೇ ಓಡಿಸಬಹುದು. ಮೈಕ್ರೋಸಾಫ್ಟಿನದೇ ವಿಂಡೋಸ್ ಫೈಲ್ ರಿಕವರಿ ಅಂತ ಒಂದು ಉಚಿತ ಸಾಫ್ಟ್‌ವೇರ್ 2020ರಲ್ಲಿ ಬಂತು, ಚೆನ್ನಾಗಿಯೇ ಇದೆ. ಆದರೆ ಸ್ಟೋರಿನಿಂದ ಇನ್‌ಸ್ಟಾಲ್ ಮಾಡಿದರೆ ಅದು ಕೂರುವುದು ಸಿ ಡ್ರೈವಿನಲ್ಲಿ. ಕಳೆದ ಫೈಲೂ ಸಿ ಡ್ರೈವಿನದ್ದೇ ಆದರೆ ಏನು ಪ್ರಯೋಜನ? ಮೇಲಾಗಿ ಕಮ್ಯಾಂಡ್ ಟೈಪ್ ಮಾಡಬೇಕು.

ಮೊದಲು ರೆಕುವಾ. ಡ್ರೈವ್ ಆರಿಸಿ ಸ್ಕ್ಯಾನ್ ಕೊಟ್ಟರೆ ಅಳಿಸಿದ ಫೈಲುಗಳನ್ನು ಹೆಸರಿನ ಸಮೇತ ಪಟ್ಟಿ ಮಾಡುತ್ತದೆ. ಪಕ್ಕದಲ್ಲಿ ಹಸಿರು ಚುಕ್ಕಿ ಇದ್ದರೆ ಫೈಲ್ ಚೆನ್ನಾಗಿದೆ, ಕಿತ್ತಳೆ ಅಂದರೆ ಅನುಮಾನ, ಕೆಂಪು ಅಂದರೆ ಆಸೆ ಬಿಡಿ. ಬೇಕಾದ್ದಕ್ಕೆ ಟಿಕ್ ಮಾಡಿ ರಿಕವರ್ ಒತ್ತಿ, ಎಲ್ಲಿಗೆ ಉಳಿಸಲಿ ಅಂದಾಗ ಬೇರೆ ಡ್ರೈವ್ ತೋರಿಸಿ. ಬೇರೆ ಅಂದರೆ ನಿಜವಾಗಿಯೂ ಬೇರೆ, ಇನ್ನೊಂದು ಪೆನ್ ಡ್ರೈವೋ ಎಕ್ಸ್‌ಟರ್ನಲ್ ಡಿಸ್ಕೋ. ಚಿಕ್ಕಪ್ಪನ ಸಿನಿಮಾಗಳಿಗೆಲ್ಲ ಹಸಿರು. ವಂಶಾವಳಿಗೆ ಕೆಂಪು. ಆ ಅರ್ಧ ಡೌನ್‌ಲೋಡು ಸರಿಯಾಗಿ ಅದರ ಮೇಲೇ ಹೋಗಿ ಕೂತಿತ್ತು.

ಫೋಟೋರೆಕ್ ಕೆಲಸ ಮಾಡುವ ರೀತಿ ಬೇರೆ. ಹೆಸರಿನ ಪಟ್ಟಿಯನ್ನು ಅದು ನೋಡುವುದೇ ಇಲ್ಲ. ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ, ಇಲ್ಲಿ ಒಂದು ವರ್ಡ್ ಫೈಲು ಶುರುವಾದ ಹಾಗಿದೆ ಅಂತ ಗುರುತು ಹಿಡಿದು ಎತ್ತಿಕೊಳ್ಳುತ್ತದೆ. ಹೆಸರಲ್ಲಿ ಫೋಟೋ ಇದ್ದರೂ ಡಾಕ್ಯುಮೆಂಟುಗಳನ್ನೂ ಹುಡುಕುತ್ತದೆ, ಪೂರ್ತಿ ಉಚಿತ. ಕಪ್ಪು ಪರದೆ ಕಂಡರೆ ಭಯ ಅನ್ನುವವರಿಗೆ ಬಟನ್ ಇರುವ ಕ್ಯೂಫೋಟೋರೆಕ್ ಅದರ ಜೊತೆಗೇ ಬರುತ್ತದೆ. ಡಿಸ್ಕು ಆರಿಸಿ, ಆಮೇಲೆ ಪಾರ್ಟಿಷನ್ (ಡಿ ಡ್ರೈವಿನಂಥ ಅದರ ಭಾಗ), ಖಾಲಿ ಜಾಗದಲ್ಲಿ ಮಾತ್ರ ಹುಡುಕು ಅನ್ನುವ ಆಯ್ಕೆ ಇಡಿ. ಫೈಲ್ ಫಾರ್ಮ್ಯಾಟ್ಸ್ ಒಳಗೆ ಹೋಗಿ ಎಲ್ಲ ಟಿಕ್ ತೆಗೆದು ಬೇಕಾದ್ದನ್ನು ಮಾತ್ರ ಹಾಕಿ. ಇಲ್ಲದಿದ್ದರೆ ಸಾವಿರಾರು ಐಕಾನು, ಹಾಳುಮೂಳು ಎಲ್ಲ ಬಂದು ಬೀಳುತ್ತದೆ. ಒಂದು ಗುಟ್ಟು: ಹಳೇ ವರ್ಡ್ ಫೈಲುಗಳು ಡಾಕ್ ಅನ್ನುವ ಗುಂಪಿನಲ್ಲಿವೆ, ಕೊನೆಗೆ ಎಕ್ಸ್ ಇರುವ ಹೊಸ ಮಾದರಿಯವು ಜಿಪ್ ಅನ್ನುವ ಗುಂಪಿನಲ್ಲಿ, ಯಾಕೆಂದರೆ ಅವು ನಿಜಕ್ಕೂ ಜಿಪ್ ಫೈಲುಗಳೇ. ಎರಡಕ್ಕೂ ಟಿಕ್ ಹಾಕಿ.

ಸಂಜೆ ಕಾಫಿ ಕುಡಿದು ಶುರು ಮಾಡಿದ್ದು, ರಾತ್ರಿ ಊಟ ಮುಗಿದರೂ ಓಡುತ್ತಲೇ ಇತ್ತು. ಬೆಳಗ್ಗೆ ನೋಡಿದರೆ ಸಾವಿರಕ್ಕೂ ಹೆಚ್ಚು ಫೈಲು, ಎಲ್ಲದರ ಹೆಸರೂ ಎಫ್ ಅಕ್ಷರದ ಮುಂದೆ ಒಂದು ಉದ್ದದ ಸಂಖ್ಯೆ. ವಂಶಾವಳಿ ಇದರಲ್ಲಿ ಯಾವುದು?

ವಿಂಡೋಸಿನ ಹುಡುಕಾಟದಲ್ಲಿ ಅಜ್ಜನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದೆ. ಒಂದೂ ಬರಲಿಲ್ಲ. ಆಮೇಲೆ ತಲೆಗೆ ಹೊಳೆಯಿತು, ಚಿಕ್ಕಪ್ಪ ಟೈಪ್ ಮಾಡುವುದು ಹಳೇ ನುಡಿ ಫಾಂಟಿನಲ್ಲಿ. ಅದು ಯೂನಿಕೋಡ್ ಅಲ್ಲ, ಅಂದರೆ ಕನ್ನಡ ಅಕ್ಷರಗಳಿಗೇ ಅಂತ ಇರುವ ಸಂಕೇತ ಅದರಲ್ಲಿಲ್ಲ. ತೆರೆದಾಗ ನಮಗೆ ಕಾಣುವುದು ಕನ್ನಡವಾದರೂ ಫೈಲಿನ ಒಳಗೆ ಇರುವುದು ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಇಂಥವೇ. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಕಡತ ಇಟ್ಟುಕೊಂಡವರಿಗೆಲ್ಲ ಈ ತೊಂದರೆ ಬರುತ್ತದೆ. ಉಪಾಯ ಏನೆಂದರೆ ಅಂಕಿ ಹುಡುಕಿ. ಫೋನ್ ನಂಬರು, ಪಿನ್ ಕೋಡು, ಯಾವುದಾದರೂ ಇಸವಿ. "ತೊಟ್ಟಿ ಮನೆ ಕಟ್ಟಿಸಿದ್ದು ಯಾವಾಗ ಚಿಕ್ಕಪ್ಪ?" ಅಂದೆ. ಅವರು ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ "ಮೂವತ್ತೆಂಟು" ಅಂದರು. 1938 ಅಂತ ಹಾಕಿದೆ. ಏಳು ಫೈಲು ಬಂದವು. (ಫೋಲ್ಡರ್ ಆಪ್ಷನ್ಸ್‌ನ ಸರ್ಚ್ ಟ್ಯಾಬಿನಲ್ಲಿ ಫೈಲಿನ ಒಳಗೂ ಹುಡುಕು ಅನ್ನುವುದಕ್ಕೆ ಟಿಕ್ ಹಾಕಿರಬೇಕು, ಇಲ್ಲದಿದ್ದರೆ ವಿಂಡೋಸ್ ಬರೀ ಹೆಸರುಗಳನ್ನು ನೋಡಿ ಸುಮ್ಮನಾಗುತ್ತದೆ.)

ಒಂದು ಫೈಲು ಅಳಿಸಿದರೆ ಏಳು ಹೇಗೆ ಬಂತು? ವರ್ಡಿನಲ್ಲಿ ಪ್ರತಿ ಸಲ ಸೇವ್ ಒತ್ತಿದಾಗ ಅದು ಹಳೇದರ ಮೇಲೆ ಬರೆಯದೆ ಹೊಸದಾಗಿ ಒಂದು ಫೈಲು ಬರೆದು, ಹಳೇದನ್ನು ಅಳಿಸಿ, ಅದೇ ಹೆಸರು ಕೊಡುತ್ತದೆ. ಹಾಗಾಗಿ ಖಾಲಿ ಜಾಗದ ತುಂಬ ಅದರ ಹಳೇ ಪ್ರತಿಗಳು ಬಿದ್ದಿರುತ್ತವೆ. ನಿಮ್ಮ ಕೊನೆಯ ಪ್ರತಿ ಹೋದರೂ ಹೋದ ತಿಂಗಳದ್ದು ಸಿಗಬಹುದು, ಎಲ್ಲವನ್ನೂ ತೆರೆದು ನೋಡಿ. ತೆರೆಯದೆ ಹಠ ಮಾಡುವುದಕ್ಕೆ ವರ್ಡಿನ ಓಪನ್ ಬಟನ್ ಪಕ್ಕದ ಬಾಣ ಒತ್ತಿ ಓಪನ್ ಅಂಡ್ ರಿಪೇರ್ ಕೊಡಿ.

ಏಳರಲ್ಲಿ ನಾಲ್ಕು ಅರ್ಧಂಬರ್ಧ. ಒಂದರಲ್ಲಿ 53 ಪುಟ ನೀಟಾಗಿತ್ತು. ಚಿಕ್ಕಪ್ಪ ಕನ್ನಡಕ ಏರಿಸಿ ಕೊನೆಯವರೆಗೂ ಓದಿ, "ಇದರಲ್ಲಿ ಶ್ರಾವಣದಲ್ಲಿ ಸೇರಿಸಿದ್ದು ಇಲ್ವಲ್ಲೋ" ಅಂದರು. ಹನ್ನೊಂದು ಪುಟ. ಎಲ್ಲೂ ಸಿಗಲಿಲ್ಲ.

ಆಗ ಚಿಕ್ಕಮ್ಮ ಒಳಗಿನಿಂದಲೇ, "ಗೌರಿ ಹಬ್ಬಕ್ಕೆ ಮುಂಚೆ ಎಲ್ಲಾ ಪ್ರಿಂಟ್ ತೆಗೆಸೋಕೆ ಹೋಗಿದ್ರಲ್ಲ, ದುಡ್ಡು ಜಾಸ್ತಿ ಅಂತ ವಾಪಸ್ ಬಂದ್ರಿ" ಅಂದರು. ಜೆರಾಕ್ಸ್ ಅಂಗಡಿಯ ಹುಡುಗನ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ, ಊರವರ ಆಧಾರ್ ಕಾರ್ಡುಗಳ ನಡುವೆ, ಚಿಕ್ಕಪ್ಪ ವಾಟ್ಸಾಪಿನಲ್ಲಿ ಕಳಿಸಿದ್ದ 64 ಪುಟದ ಫೈಲು ಹಾಗೇ ಇತ್ತು. ಚಿಕ್ಕಪ್ಪ ಅಲ್ಲೇ ನಿಂತು ಎರಡು ಪ್ರತಿ ಪ್ರಿಂಟ್ ಹಾಕಿಸಿದರು, ಈ ಸಲ ರೇಟು ಕೇಳಲಿಲ್ಲ.