ಮೊದಲು ಒಂದು ಮಣೆ ಮಾಡಿ ನೋಡಿ

ಆಷಾಢದ ಮಳೆ ಹಿಡಿದರೆ ನಮ್ಮ ಮಲೆನಾಡಿನ ಮನೆಯ ಬಚ್ಚಲು ಬಾಗಿಲು ಮುನಿಸಿಕೊಳ್ಳುತ್ತಿತ್ತು. ಹಾಕಿದರೆ ತೆಗೆಯಲು ಬಾರದು, ತೆಗೆದರೆ ಹಾಕಲು ಬಾರದು. ಅಪ್ಪಯ್ಯನಿಗೆ ಹತ್ತರಿ ಹಿಡಿಯಲು ಚೆನ್ನಾಗಿ ಬರುತ್ತಿತ್ತು. ಆದರೂ ಮಳೆಗಾಲದಲ್ಲಿ ಬಾಗಿಲು ಹೆರೆಯಲು ಒಪ್ಪುತ್ತಿರಲಿಲ್ಲ. "ಈಗ ಹೆರೆದರೆ ಬೇಸಿಗೆಗೆ ಆ ಸಂದಿಯಲ್ಲಿ ಹಲ್ಲಿ ಓಡಾಡ್ತದೆ" ಎನ್ನುತ್ತಿದ್ದರು. ಅಂಚಿಗೆ ಮೇಣದಬತ್ತಿ ಉಜ್ಜುತ್ತಿದ್ದರು, ಅಷ್ಟೇ. ನೀವೂ ಹಾಗೇ ಮಾಡಿ. ಮೇಣ ಇಲ್ಲದಿದ್ದರೆ ಒಣ ಸೋಪಿನ ಚೂರು ಸಾಕು. ದೀಪಾವಳಿ ಕಳೆದ ಮೇಲೂ ಹಿಡಿಯುತ್ತಿದ್ದರೆ ಆಗ ಹೆರೆಯಿರಿ.

ಮರ ತೇವ ಕುಡಿದರೆ ಅಗಲಕ್ಕೆ ಉಬ್ಬುತ್ತದೆ. ಉದ್ದಕ್ಕೆ ಉಬ್ಬುವುದು ಇಲ್ಲವೆನ್ನುವಷ್ಟು ಕಡಿಮೆ. ಇದೊಂದು ತಲೆಗೆ ಹೋದರೆ ಅರ್ಧ ಕೆಲಸ ಕಲಿತ ಹಾಗೆ. ನನಗೆ ಅದು ತಲೆಗೆ ಹೋದದ್ದು ಒಂದು ಮಣೆ ಸೀಳಿದ ಮೇಲೆ.

"ಹೆಣ್ಣುಮಗುವಿಗೆ ಉಳಿ ಯಾಕೆ?" ಎಂದು ಜಗಲಿಯಲ್ಲಿ ಕೂತವರು ಕೇಳುತ್ತಿದ್ದ ಕಾಲ. ಅಪ್ಪಯ್ಯ ಕಿವಿಗೆ ಹಾಕಿಕೊಳ್ಳಲಿಲ್ಲ. ಹಲಸಿನ ಹಲಗೆ ಕೊಟ್ಟು ಮಣೆ ಮಾಡು ಎಂದರು. ನಾನು ಹಲಗೆಯ ಕೆಳಗೆ ಎರಡು ಅಡ್ಡಪಟ್ಟಿ ಇಟ್ಟು, ಸಿಕ್ಕಿದಲ್ಲೆಲ್ಲ ಮೊಳೆ ಹೊಡೆದೆ. ಗಟ್ಟಿಯಾಗಿದೆ ಅಂತ ಜಂಭ ಬೇರೆ. ಶಿವರಾತ್ರಿಯ ಹೊತ್ತಿಗೆ ಈ ತುದಿಯಿಂದ ಆ ತುದಿಗೆ ಸೀಳು ಬಿಟ್ಟಿತ್ತು. ಅಪ್ಪಯ್ಯ ಬೈಯಲಿಲ್ಲ. ತಾವು ಮಾಡಿದ ಮಣೆಯನ್ನು ಬೋರಲು ಹಾಕಿ ತೋರಿಸಿದರು. ಅದಕ್ಕೆ ಒಂದೇ ಒಂದು ಮೊಳೆ ಇರಲಿಲ್ಲ. ಹಲಗೆಯಲ್ಲಿ ಬಾಯಿ ಕಿರಿದು, ತಳ ಅಗಲ ಇರುವ ಗಾಡಿ, ಅಂದರೆ ಉದ್ದನೆಯ ತೋಡು, ಕೊರೆದು, ಅದೇ ಆಕಾರದ ಪಟ್ಟಿಯನ್ನು ಪಕ್ಕದಿಂದ ತಳ್ಳಿ ಕೂರಿಸಿದ್ದರು. ಪಟ್ಟಿ ಕಳಚುವುದಿಲ್ಲ, ಹಲಗೆ ಮಾತ್ರ ತನ್ನ ಪಾಡಿಗೆ ಉಬ್ಬಿ ಕುಗ್ಗುತ್ತದೆ.

ಹೊಸಬರಿಗೆ ಇದು ಕಷ್ಟ, ಹಾಗಾಗಿ ಸ್ಕ್ರೂ ಹಾಕಿ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಹಲಗೆ ಸಾಕು. ಪಟ್ಟಿಗಳು ಹಲಗೆಯ ಎಳೆಗೆ, ಅಂದರೆ ಮರದ ನಾರು ಹರಿದ ದಿಕ್ಕಿಗೆ, ಅಡ್ಡ ಬರಬೇಕು. ಒಂದೊಂದು ಪಟ್ಟಿಗೆ ಮೂರು ತೂತು. ನಡುವಿನದು ಬಿಗಿ ಇರಲಿ. ಎರಡು ತುದಿಯ ತೂತುಗಳನ್ನು ಪಟ್ಟಿಯ ಉದ್ದಕ್ಕೆ ಅಕ್ಕಿಕಾಳಿನ ಹಾಗೆ ಉದ್ದ ಮಾಡಿ. ಗೋಂದು ಬೇಡವೇ ಬೇಡ. ಸ್ಕ್ರೂಗೆ ಸ್ವಲ್ಪ ಸೋಪು ಸವರಿದರೆ ಸಲೀಸಾಗಿ ಇಳಿಯುತ್ತದೆ.

ಮೊದಲ ಕೆಲಸಕ್ಕೇ ತೇಗ ತರಬೇಡಿ, ಸುಮ್ನೆ ದುಡ್ಡು ದಂಡ. ಒಣಗಿದ ಹಲಸು ಸಿಕ್ಕರೆ ಪುಣ್ಯ. ವೀಣೆ ಮಾಡುವುದೂ ಅದರಲ್ಲೇ ಅಲ್ವಾ? ಹೊಸದಾಗಿ ಹೆರೆದಾಗ ಅರಿಸಿನದಂತೆ ಹಳದಿ, ವರ್ಷ ಕಳೆದ ಹಾಗೆ ಕಂದು. ಹತ್ತರಿಯಿಂದ ಸುರುಳಿ ಸುರುಳಿಯಾಗಿ ಸಿಪ್ಪೆ ಬೀಳುವಾಗ ಜಗಲಿಯೆಲ್ಲ ಹಸಿ ಮರದ ಪರಿಮಳ. ಅಮ್ಮ ಅದನ್ನು ಬಾಚಿ ಬಚ್ಚಲೊಲೆಗೆ ಒಯ್ಯುವ ಮೊದಲು ನಾವು ಕಿವಿಗೆ ಲೋಲಾಕು ಮಾಡಿಕೊಳ್ಳುತ್ತಿದ್ದೆವು. ಕೊಳ್ಳುವಾಗ ಕೆಚ್ಚು, ಅಂದರೆ ಮರದ ಒಳಗಿನ ಗಟ್ಟಿ ಭಾಗ, ಇರುವ ಹಲಗೆಯನ್ನೇ ನೋಡಿ. ಹೊರಗಿನ ಬಿಳಿ ಭಾಗಕ್ಕೆ ಬೇಗ ಕುಟ್ಟೆ ಹುಳ ಹಿಡಿಯುತ್ತದೆ.

ಉಳಿ ಹರಿತವಿರಲಿ. ಕೈ ಕೊಯ್ಯುವುದು ಮೊಂಡು ಉಳಿಯೇ, ಯಾಕೆಂದರೆ ಅದಕ್ಕೆ ಜಾಸ್ತಿ ಬಲ ಹಾಕುತ್ತೀರಿ, ಅದು ಜಾರುತ್ತದೆ. ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಇಟ್ಟು ನೋಡಿ. ಕಚ್ಚಿ ನಿಂತರೆ ಸರಿ, ಜಾರಿದರೆ ಮತ್ತೆ ಸಾಣೆಗೆ ಕೊಡಿ. ಎರಡು ಕೈಯೂ ಉಳಿಯ ಬಾಯಿಯ ಹಿಂದೆಯೇ ಇರಬೇಕು. ನನ್ನ ಎಡಗೈ ತೋರುಬೆರಳಿನ ಗುರುತು ಈ ಮಾತಿಗೆ ಸಾಕ್ಷಿ.

ಉಪ್ಪುಕಾಗದವನ್ನು ಎಳೆಯ ಉದ್ದಕ್ಕೇ ಉಜ್ಜಿ. ಮೊದಲು 80, ಆಮೇಲೆ 120, ಕೊನೆಗೆ 220 ನಂಬರಿನದು. ನಡುವೆ ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಮಲಗಿದ್ದ ನಾರು ಎದ್ದು ನಿಲ್ಲುತ್ತದೆ, ಮತ್ತೆ ಉಜ್ಜಿದರೆ ನುಣುಪು. ಎಲ್ಲಾದರೂ ಸುತ್ತಿಗೆ ತಗುಲಿ ತಗ್ಗಾಗಿದ್ದರೆ ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ, ಬಹುಪಾಲು ಮೇಲೆ ಬರುತ್ತದೆ.

ಬಣ್ಣ ಯಾಕೆ? ಚನ್ನಪಟ್ಟಣದ ಗೊಂಬೆಗಾದರೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಕರಗಿ ಹಿಡಿಯುತ್ತದೆ. ಆ ಚಂದ ಡಬ್ಬಿಯ ಪೇಂಟಿಗೆ ಬಾರದು. ಮಣೆಗೆ ಅಗಸೆ ಎಣ್ಣೆ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಲಿನ್ಸೀಡ್ ಆಯಿಲ್ ಎಂದು ಕೇಳಿ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಕೂತವರ ಪಂಚೆಗೆ ಹತ್ತುತ್ತದೆ. ಒಂದು ಎಚ್ಚರ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಬಹುದು. ಹೊರಗೆ ಹರವಿ ಒಣಗಿಸಿ.

ಸೀಳಿದ ನನ್ನ ಮಣೆಯನ್ನು ಅಮ್ಮ ಒಲೆಗೆ ಹಾಕಲು ಹೊರಟಿದ್ದಳು. ಅಪ್ಪಯ್ಯ ಕಿತ್ತುಕೊಂಡರು. ಮೊಳೆ ಕಿತ್ತು, ಸೀಳಿಗೆ ಅಡ್ಡಲಾಗಿ ಡಮರುಗದ ಆಕಾರದ ಎರಡು ಬೀಟೆ ಚೂರು ಕೂರಿಸಿಕೊಟ್ಟರು. ಕಂದು ಹಲಸಿನ ನಡುವೆ ಆ ಕಪ್ಪು ಡಮರುಗಗಳು ಈಗಲೂ ಅಲುಗಾಡಿಲ್ಲ. ತರಕಾರಿ ಹೆಚ್ಚಲು ನಾನು ಕೂರುವುದು ಅದರ ಮೇಲೆಯೇ. ಏಳುವಾಗ ಮಾತ್ರ ಮೊಮ್ಮಗ ಕೈ ಕೊಡಬೇಕು.